ಬೆಳಕು ಬರೆದುದನ್ನು ನೀರು ಉಳಿಸಿದ ಬಗೆ

ಹಳೆಯ ಮನೆಗಳ ಪಡಸಾಲೆಗಳಲ್ಲಿಯೂ ಹಳೆಯ ಶಾಲೆಗಳ ಮುಖ್ಯೋಪಾಧ್ಯಾಯರ ಕೊಠಡಿಗಳಲ್ಲಿಯೂ ಕಟ್ಟು ಹಾಕಿಸಿ ತೂಗುಹಾಕಿದ ಕಪ್ಪು-ಬಿಳುಪಿನ ಛಾಯಾಚಿತ್ರಗಳನ್ನು ನಾವೆಲ್ಲರೂ ಕಂಡವರೇ. ಸರಿಸುಮಾರು ಒಂದೇ ಕಾಲದಲ್ಲಿ ತೆಗೆಸಿದ, ಒಂದೇ ಗೋಡೆಯ ಮೇಲೆ ಬಾಳಿದ ಎರಡು ಪಟಗಳಲ್ಲಿ ಒಂದು ಮೊನ್ನೆ ಮೊನ್ನೆ ತೆಗೆಸಿದಂತೆ ಕಪ್ಪು ಕಪ್ಪಾಗಿಯೇ, ಬಿಳುಪು ಬಿಳುಪಾಗಿಯೇ ಉಳಿದಿರುತ್ತದೆ. ಇನ್ನೊಂದು ಹಳದಿಗೆ ತಿರುಗಿ, ಸಾಲಿನಲ್ಲಿ ನಿಂತ ಹುಡುಗರ ಮುಖಗಳು ಒಂದೊಂದಾಗಿ ಅಳಿದು, ನಡುವೆ ಕುಳಿತ ಮೇಷ್ಟ್ರ ಕರಿಯ ಕೋಟು ಮಾತ್ರ ಗುರುತು ಸಿಗುವಂತಾಗಿರುತ್ತದೆ. ವಯಸ್ಸಾಯಿತೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಎರಡು ಪಟಗಳಿಗೂ ವಯಸ್ಸು ಒಂದೇ. ಹಾಗಿರಲು ಈ ಭೇದವೇಕೆ?

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹು ಮುಖ್ಯವಾದುದು, ಚಿತ್ರವು ಕತ್ತಲ ಕೋಣೆಯಿಂದ ಹೊರಬೀಳುವ ಮುನ್ನ ಅದನ್ನು ಎಷ್ಟು ಚೆನ್ನಾಗಿ ತೊಳೆದಿದ್ದರು ಎಂಬುದು. ಛಾಯಾಗ್ರಹಣದ ಇತಿಹಾಸವನ್ನು ಬರೆಯುವವರು ಮಸೂರವನ್ನು ಹೊಗಳುತ್ತಾರೆ, ಪೆಟ್ಟಿಗೆಯನ್ನು ವರ್ಣಿಸುತ್ತಾರೆ, ಬೆಳಕಿನ ಮಹಿಮೆಯನ್ನು ಕೊಂಡಾಡುತ್ತಾರೆ. ಕೊನೆಯಲ್ಲಿ ತಟ್ಟೆಯ ನೀರನ್ನು ಬದಲಾಯಿಸುತ್ತ ನಿಂತವನ ಕೆಲಸಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಬೆಳಕು ಬರೆದ ಚಿತ್ರವನ್ನು ಮುಂದಿನ ತಲೆಮಾರಿಗೆ ದಾಟಿಸಿದುದು ಆ ನೀರೇ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿದುಕೊಳ್ಳೋಣ. ಬೆಳ್ಳಿಯು ಕ್ಲೋರೀನು, ಬ್ರೋಮೀನು ಮುಂತಾದ ಮೂಲವಸ್ತುಗಳೊಡನೆ ಕೂಡಿ ಆಗುವ ಲವಣಗಳು ಬೆಳಕು ಬಿದ್ದಲ್ಲಿ ಕಪ್ಪಾಗುತ್ತವೆ. ಛಾಯಾಚಿತ್ರದ ಅಡಿಗಲ್ಲು ಇದೇ. ಆದರೆ ಬೆಳಕು ಬೀಳದೆ ಉಳಿದ ಭಾಗದ ಲವಣವು ಎಲ್ಲಿಗೂ ಹೋಗಿರುವುದಿಲ್ಲ. ಅದು ಕಾಗದದಲ್ಲಿಯೇ ಕುಳಿತು ತನ್ನ ಸರದಿಯನ್ನು ಕಾಯುತ್ತಿರುತ್ತದೆ. ಚಿತ್ರವನ್ನು ನೋಡಲೆಂದು ಬೆಳಕಿಗೆ ತಂದೊಡನೆ ಅದೂ ಕಪ್ಪಾಗತೊಡಗುತ್ತದೆ. ಆದುದರಿಂದ ಚಿತ್ರವನ್ನು ಮೂಡಿಸುವ ವಿದ್ಯೆಯಷ್ಟೇ ಅದನ್ನು ನಿಲ್ಲಿಸುವ ವಿದ್ಯೆಯೂ ಬೇಕಾಯಿತು.

ಮೂಡಿಸುವ ವಿದ್ಯೆ ಮೊದಲು ಬಂತು. 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಎಂಬಾತನು ಬೆಳ್ಳಿಯ ಲವಣವನ್ನು ಸವರಿದ ಕಾಗದ ಮತ್ತು ತೊಗಲಿನ ಮೇಲೆ ಎಲೆಗಳ ನೆರಳನ್ನು ಹಿಡಿದ ವೃತ್ತಾಂತವನ್ನು ಹಂಫ್ರಿ ಡೇವಿ ಪ್ರಕಟಿಸಿದನು. ಆದರೆ ಆ ಚಿತ್ರಗಳನ್ನು ಕತ್ತಲಲ್ಲಿಟ್ಟು ಮಂದ ಬೆಳಕಿನಲ್ಲಿ ಮಾತ್ರ ನೋಡಬೇಕಾಗಿತ್ತು. ಡೇವಿ ಆ ಕಾಲದ ಅಗ್ರಗಣ್ಯ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬನಾಗಿದ್ದರೂ ಅವುಗಳನ್ನು ನಿಲ್ಲಿಸುವ ಉಪಾಯವು ಅವನಿಗೆ ಹೊಳೆಯಲಿಲ್ಲ. ಸೋಜಿಗವೆಂದರೆ, ಅದಕ್ಕೆ 25 ವರ್ಷಗಳ ಹಿಂದೆಯೇ, 1777ರಲ್ಲಿ, ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆಯು ಒಂದು ಸಂಗತಿಯನ್ನು ಬರೆದಿಟ್ಟಿದ್ದನು: ಅಮೋನಿಯವು ಬೆಳ್ಳಿಯ ಕ್ಲೋರೈಡನ್ನು ಕರಗಿಸುತ್ತದೆ, ಆದರೆ ಬೆಳಕಿನಿಂದ ಕಪ್ಪಾದ ಭಾಗವನ್ನು ಕರಗಿಸದೆ ಬಿಡುತ್ತದೆ. ಬೀಗದ ಕೈ ಮನೆಯಲ್ಲಿಯೇ ಇದ್ದಿತು. ಅದು ಈ ಬೀಗಕ್ಕೆ ಸೇರಿದುದೆಂದು ಯಾರೂ ಅರಿಯಲಿಲ್ಲ.

ಎರಡನೆಯ ಬೀಗದ ಕೈಯನ್ನು ಕಂಡುಹಿಡಿದವನು ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನ ಮಗನಾದ ಈತ ತಾನೂ ದೊಡ್ಡ ಖಗೋಳಜ್ಞ. 1819ರಲ್ಲಿ, ಛಾಯಾಚಿತ್ರದ ಯೋಚನೆಯೇ ಇಲ್ಲದೆ, ಕೇವಲ ರಸಾಯನಶಾಸ್ತ್ರದ ಕುತೂಹಲದಿಂದ, ಆಗ ಹೈಪೋಸಲ್ಫೈಟುಗಳೆಂದು ಕರೆಯುತ್ತಿದ್ದ ಲವಣಗಳನ್ನು ಪರೀಕ್ಷಿಸಿ, ಅವು ನೀರಿನಲ್ಲಿ ಕರಗದ ಬೆಳ್ಳಿಯ ಕ್ಲೋರೈಡನ್ನು ಸುಲಭವಾಗಿ ಕರಗಿಸುತ್ತವೆಂದು ಪ್ರಕಟಿಸಿದನು. ಇಪ್ಪತ್ತು ವರ್ಷಗಳ ಕಾಲ ಅದು ಪತ್ರಿಕೆಯ ಹಾಳೆಗಳಲ್ಲಿ ಸುಮ್ಮನೆ ಮಲಗಿತ್ತು. 1839ರ ಜನವರಿ 7ರಂದು ಪ್ಯಾರಿಸಿನಲ್ಲಿ ಡಗೇರನ ಚಿತ್ರಗಳ ವಿಷಯವನ್ನು ಅರಾಗೊ ಸಾರಿದನು. ಆ ಸುದ್ದಿಯು ತಿಂಗಳೊಪ್ಪತ್ತಿನಲ್ಲಿ ಇಂಗ್ಲೆಂಡನ್ನು ಮುಟ್ಟಿದಾಗ ಹರ್ಷೆಲನಿಗೆ ತನ್ನ ಹಳೆಯ ಲವಣದ ನೆನಪಾಯಿತು. ಡಗೇರನ ಕ್ರಮವೇನೆಂದು ತಿಳಿಯದೆಯೇ ಅವನು ಜನವರಿ 29ರಂದು ತಾನೇ ಪ್ರಯೋಗ ಮಾಡಿ, ಬೆಳಕು ತಾಗದ ಬೆಳ್ಳಿಯ ಲವಣವನ್ನು ಹೈಪೋದಿಂದ ತೊಳೆದು ತೆಗೆಯಬಹುದೆಂದು ಕಂಡುಕೊಂಡನು. ಫೆಬ್ರವರಿ 1ರಂದು ಸ್ಲೌ ಎಂಬಲ್ಲಿಯ ಅವನ ಮನೆಗೆ ಹೆನ್ರಿ ಫಾಕ್ಸ್ ಟಾಲ್ಬಟ್ ಬಂದನು. ಟಾಲ್ಬಟ್ ಅದಕ್ಕೆ ಕೆಲವು ವರ್ಷಗಳ ಹಿಂದಿನಿಂದಲೂ ಕಾಗದದ ಮೇಲೆ ಚಿತ್ರ ಹಿಡಿಯುತ್ತಿದ್ದವನು. ಅವುಗಳನ್ನು ನಿಲ್ಲಿಸಲು ಅಡಿಗೆಯ ಉಪ್ಪಿನ ಗಾಢ ದ್ರಾವಣವನ್ನು ಬಳಸುತ್ತಿದ್ದನು. ಹರ್ಷೆಲ್ ತನ್ನ ಉಪಾಯವನ್ನು ಅವನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದನು. ಅದೇ ವರ್ಷದ ಮಾರ್ಚಿ 14ರಂದು ರಾಯಲ್ ಸೊಸೈಟಿಯಲ್ಲಿ ತನ್ನ ಲೇಖನವನ್ನು ಓದಿಸಿದನು. ಈ ಉಪಾಯಕ್ಕೆ ಅವನು ಹಕ್ಕುಸ್ವಾಮ್ಯ ಪಡೆಯಲಿಲ್ಲ. ಇಂದು ಅದರ ಶಾಸ್ತ್ರೀಯ ನಾಮ ಸೋಡಿಯಂ ಥಯೋಸಲ್ಫೇಟು. ಆದರೂ ಸ್ಟುಡಿಯೋಗಳಲ್ಲಿ 'ಹೈಪೋ' ಎಂಬ ಹಳೆಯ ಹೆಸರೇ ನಿಂತುಹೋಗಿದೆ.

ಇಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದು ಎಲ್ಲರೂ ಭಾವಿಸಿದರು. ನಿಜವಾಗಿ ಅರ್ಧ ಮಾತ್ರ ಪರಿಹಾರವಾಗಿತ್ತು. ಹೈಪೋ ಎಂಬುದು ಗಂಧಕವನ್ನು ಒಳಗೊಂಡ ಲವಣ. ಅದು ಬೆಳ್ಳಿಯ ಲವಣವನ್ನು ಕರಗಿಸಿ ಉಪಕಾರ ಮಾಡುತ್ತದೆ. ಕೆಲಸ ಮುಗಿದ ಮೇಲೆ ಕಾಗದದಲ್ಲಿಯೇ ಉಳಿದರೆ ನಿಧಾನವಾಗಿ ಒಡೆದು, ತನ್ನ ಗಂಧಕವನ್ನು ಚಿತ್ರದ ಬೆಳ್ಳಿಗೆ ಕೊಡುತ್ತದೆ. ಬೆಳ್ಳಿಯೂ ಗಂಧಕವೂ ಕೂಡಿ ಬೆಳ್ಳಿಯ ಸಲ್ಫೈಡಾಗುತ್ತದೆ. ಬೆಳ್ಳಿಯ ಪಾತ್ರೆಗಳು ಕಪ್ಪಿಡುವುದಕ್ಕೂ ಇದೇ ಕಾರಣ. ಆದರೆ ಕಾಗದದ ಮೇಲಿನ ಬೆಳ್ಳಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅಲ್ಲಿ ಆ ಸಲ್ಫೈಡು ಕಪ್ಪಾಗಿ ಕಾಣದೆ ಹಳದಿಯಾಗಿ ಕಾಣುತ್ತದೆ. ಹೀಗೆ ಚಿತ್ರವನ್ನು ಕಾಪಾಡಲು ಕರೆದ ರಕ್ಷಕನೇ ಮನೆಯಲ್ಲಿ ಉಳಿದು ಭಕ್ಷಕನಾಗುತ್ತಾನೆ. ಅವನನ್ನು ಕೆಲಸವಾದೊಡನೆ ಹೊರಗೆ ಕಳುಹಿಸಬೇಕು. ಕಳುಹಿಸುವ ಸಾಧನವೇ ನೀರು.

ಈ ಪಾಠವನ್ನು ಯೂರೋಪು ದುಬಾರಿ ಬೆಲೆ ತೆತ್ತು ಕಲಿಯಿತು. ಟಾಲ್ಬಟ್ 1844ರಿಂದ 1846ರ ವರೆಗೆ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕವನ್ನು ಬಿಡಿ ಸಂಚಿಕೆಗಳಲ್ಲಿ ಹೊರತಂದನು. ಮಾರಾಟಕ್ಕೆಂದು ಪ್ರಕಟವಾದ, ನಿಜವಾದ ಛಾಯಾಚಿತ್ರಗಳನ್ನು ಅಂಟಿಸಿದ ಮೊದಲ ಪುಸ್ತಕಗಳಲ್ಲಿ ಅದಕ್ಕೆ ಅಗ್ರಸ್ಥಾನ. ರೀಡಿಂಗ್ ಪಟ್ಟಣದಲ್ಲಿ ಅವನ ಸಹಾಯಕ ನಿಕೊಲಾಸ್ ಹೆನೆಮನ್ ನಡೆಸುತ್ತಿದ್ದ ಕಾರ್ಯಾಗಾರದಲ್ಲಿ ಆ ಪ್ರಿಂಟುಗಳು ತಯಾರಾದವು. 1846ರ ಜೂನಿನಲ್ಲಿ 'ಆರ್ಟ್ ಯೂನಿಯನ್' ಎಂಬ ಪತ್ರಿಕೆಯು ತನ್ನ ಒಂದೊಂದು ಪ್ರತಿಯಲ್ಲಿಯೂ ಒಂದೊಂದು ಛಾಯಾಚಿತ್ರವನ್ನು ಸೇರಿಸಿ ಓದುಗರಿಗೆ ಹಂಚಿತು. ಸಾವಿರಾರು ಪ್ರಿಂಟುಗಳನ್ನು ಅವಸರದಲ್ಲಿ ಮಾಡಬೇಕಾಯಿತು. ತೊಳೆಯುವ ಕೆಲಸಕ್ಕೆ ತಕ್ಕಷ್ಟು ಹೊತ್ತೂ ನೀರೂ ಒದಗಲಿಲ್ಲ. ಹೆಚ್ಚು ಕಾಲ ಕಳೆಯುವ ಮೊದಲೇ ಅವುಗಳಲ್ಲಿ ಬಹಳಷ್ಟು ಮಾಸಿಹೋದವು. ಹೊಸ ವಿದ್ಯೆಯ ಕೀರ್ತಿಯನ್ನು ಮನೆಮನೆಗೆ ಮುಟ್ಟಿಸಬೇಕೆಂದು ಹೊರಟ ಚಿತ್ರಗಳು ಅದರ ಅಪಕೀರ್ತಿಯನ್ನು ಮುಟ್ಟಿಸಿದವು. ನಿಲ್ಲದ ಚಿತ್ರಕ್ಕೆ ಯಾರು ತಾನೆ ಹಣ ಕೊಟ್ಟಾರು?

ಅನುಮಾನವು ಬೆಳೆದು, 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯು ಚಿತ್ರಗಳು ಮಾಸುವುದೇಕೆಂದು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ರಾಣಿ ವಿಕ್ಟೋರಿಯಳ ಪತಿ ಪ್ರಿನ್ಸ್ ಆಲ್ಬರ್ಟ್ ಅದರ ವೆಚ್ಚಕ್ಕೆ 50 ಪೌಂಡುಗಳನ್ನು ಕೊಟ್ಟನು. ರಸಾಯನಶಾಸ್ತ್ರಜ್ಞ ಹಾರ್ಡ್‌ವಿಚ್, ಲೋಹಶಾಸ್ತ್ರಜ್ಞ ಜಾನ್ ಪರ್ಸಿ, ವೈದ್ಯ ಹ್ಯೂ ಡೈಮಂಡ್ ಮೊದಲಾದವರು ಅದರ ಸದಸ್ಯರು. ಅವರು ಮಾಸಿದ ಚಿತ್ರಗಳನ್ನೂ ಮಾಸದ ಚಿತ್ರಗಳನ್ನೂ ಎದುರಿಗಿಟ್ಟುಕೊಂಡು ಪರೀಕ್ಷಿಸಿ, ಅದೇ ವರ್ಷದ ನವೆಂಬರಿನಲ್ಲಿ ವರದಿಯನ್ನು ಒಪ್ಪಿಸಿದರು. ಹತ್ತು ವರ್ಷಕ್ಕೂ ಮೀರಿ ಯಾವ ಬದಲಾವಣೆಯೂ ಇಲ್ಲದೆ ನಿಂತ ಚಿತ್ರಗಳಿವೆಯೆಂಬುದನ್ನು ಅವರು ಮೊದಲು ಸ್ಪಷ್ಟಪಡಿಸಿದರು. ಎಂದರೆ ದೋಷವು ವಿದ್ಯೆಯದಲ್ಲ, ಮಾಡುವ ಕೈಯದು. ಮಾಸುವುದಕ್ಕೆ ಅತ್ಯಂತ ಸಾಮಾನ್ಯ ಕಾರಣವೆಂದರೆ ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದ ಹೈಪೋ ಎಂದು ಅವರು ನಿರ್ಣಯಿಸಿದರು. ತೇವವೂ ಗಂಧಕವುಳ್ಳ ಗಾಳಿಯೂ ಸೇರಿದರೆ ಚೆನ್ನಾಗಿ ತೊಳೆದ ಚಿತ್ರಕ್ಕೂ ಅಪಾಯವಿದೆಯೆಂದು ಎಚ್ಚರಿಸಿದರು. ಚಿತ್ರದ ಬೆಳ್ಳಿಗೆ ಚಿನ್ನದ ಲವಣದ ಸಂಸ್ಕಾರ ಕೊಟ್ಟರೆ ಬಾಳಿಕೆ ಹೆಚ್ಚುವುದೆಂದು ಸಲಹೆ ಮಾಡಿದರು. ಒಂದು ಕಲೆಯು ತನ್ನ ನ್ಯೂನತೆಯನ್ನು ತಾನೇ ಬಹಿರಂಗವಾಗಿ ವಿಚಾರಿಸಿಕೊಂಡ ಈ ಸಂದರ್ಭವು ವಿಜ್ಞಾನದ ಇತಿಹಾಸದಲ್ಲಿ ನೆನೆಯತಕ್ಕುದು.

ಅದೇ ಕಾಲದಲ್ಲಿ ಫ್ರಾನ್ಸಿನ ದಾವಾನ್ ಮತ್ತು ಜಿರಾರ್ ಎಂಬ ರಸಾಯನಶಾಸ್ತ್ರಜ್ಞರು ಇದರ ಇನ್ನೊಂದು ಮುಖವನ್ನು ಶೋಧಿಸಿದರು. ಹೈಪೋ ಬೆಳ್ಳಿಯ ಲವಣವನ್ನು ಒಂದೇ ಏಟಿಗೆ ಕರಗಿಸುವುದಿಲ್ಲ. ಹೈಪೋ ಸಾಕಷ್ಟಿಲ್ಲದಿದ್ದರೆ ನೀರಿನಲ್ಲಿ ಕರಗದ ಒಂದು ಸಂಯುಕ್ತವಾಗಿ ಕೆಲಸವು ಅಲ್ಲಿಗೇ ನಿಂತುಬಿಡುತ್ತದೆ. ಹೈಪೋ ಧಾರಾಳವಾಗಿದ್ದರೆ ಮಾತ್ರ ನೀರಿನಲ್ಲಿ ಕರಗಿ ಹೊರಹೋಗುವ ಸಂಯುಕ್ತವಾಗುತ್ತದೆ. ಆದುದರಿಂದ ದಣಿದ ಹೈಪೋದಲ್ಲಿ ಅದ್ದಿದ ಚಿತ್ರವನ್ನು ಹೊಳೆಯಲ್ಲಿಯೇ ಹಿಡಿದರೂ ಅದು ಶುದ್ಧವಾಗುವುದಿಲ್ಲ. ಒಂದು ತಟ್ಟೆಯಲ್ಲಿ ಅದ್ದಿ, ಅನಂತರ ಹೊಸ ಹೈಪೋದ ಎರಡನೆಯ ತಟ್ಟೆಯಲ್ಲಿ ಅದ್ದುವ ಪದ್ಧತಿಗೆ ಆಧಾರ ಇದೇ. ತೊಳೆಯುವುದಕ್ಕೆ ಮೊದಲು, ತೊಳೆದರೆ ಹೋಗುವಂತೆ ಮಾಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಲಂಡನ್ನಿನಲ್ಲಿ ಸಮಿತಿ ಕೂಡಿದ 1855ನೆಯ ಇಸವಿಯು ಕನ್ನಡನಾಡಿನ ಛಾಯಾಚಿತ್ರದ ಚರಿತ್ರೆಯಲ್ಲಿಯೂ ಗಮನಾರ್ಹವಾದುದು. ಪ್ರಾಚೀನ ಕಟ್ಟಡಗಳನ್ನು ಕುಂಚದಿಂದ ಬರೆಯಿಸುವುದಕ್ಕಿಂತ ಛಾಯಾಚಿತ್ರದಲ್ಲಿ ಹಿಡಿಯುವುದು ಲೇಸೆಂದು ಈಸ್ಟ್ ಇಂಡಿಯಾ ಕಂಪೆನಿಯು ಆಗ ಎಣಿಸಿತ್ತು. ಆ ವರ್ಷ ಮುಂಬಯಿ ಸರಕಾರದ ಪರವಾಗಿ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಚಿತ್ರ ತೆಗೆದನು; ಅವನ ತರುವಾಯ ವೈದ್ಯ ವಿಲಿಯಂ ಪಿಗೂ ಆ ಕೆಲಸವನ್ನು ಮುಂದುವರಿಸಿದನು. ಅದಕ್ಕೂ ಮುಂಚೆ, 1854ರ ಕೊನೆಯಲ್ಲಿ, ಮದರಾಸು ಸೈನ್ಯದ ಲಿನ್ನೀಯಸ್ ಟ್ರೈಪ್ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದಿದ್ದನು. 1855ರಲ್ಲಿ ಬ್ರಹ್ಮದೇಶಕ್ಕೆ ಹೋದ ರಾಯಭಾರದೊಡನೆ ಹೋಗಿ ಬಂದ ಟ್ರೈಪನು, ಅಲ್ಲಿಯ ಚಿತ್ರಗಳನ್ನು ಬೆಂಗಳೂರಿನಲ್ಲಿ ಪ್ರಿಂಟು ಮಾಡಿದನು. ಒಂದು ಕಟ್ಟಿಗೆ 120 ಚಿತ್ರಗಳಂತೆ 50 ಕಟ್ಟುಗಳು. ಎಂದರೆ 6000 ಪ್ರಿಂಟುಗಳು. ಮಸೂರದ ಮುಂದಿನ ಕೆಲಸ 120 ಸಲ. ನೀರಿನ ಮುಂದಿನ ಕೆಲಸ ಆರು ಸಾವಿರ ಸಲ! ನಲ್ಲಿಯ ನೀರಿಲ್ಲದ ಆ ಕಾಲದ ಬೆಂಗಳೂರಿನಲ್ಲಿ ಇದೆಷ್ಟು ದೊಡ್ಡ ಶ್ರಮವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ಪರಂಪರೆಯ ಫಲವಾಗಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಪ್ರಕಟವಾಯಿತು. ಪಿಗೂ, ನೀಲ್, ಬಿಗ್ಸ್ ಇವರ ಚಿತ್ರಗಳು; ಸುರಪುರದ ಸಂಬಂಧದಿಂದ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್ ಮತ್ತು ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಇವರ ಬರವಣಿಗೆ. ಅದರ ಚಿತ್ರಗಳು ಅಚ್ಚಿನ ಚಿತ್ರಗಳಲ್ಲ. ಒಂದೊಂದೂ ಕೈಯಿಂದ ತೊಳೆದು ಒಣಗಿಸಿ ಅಂಟಿಸಿದ ಛಾಯಾಚಿತ್ರ.

ಇವೆಲ್ಲ ಉಳಿದುದರಿಂದ ಆದ ಲಾಭವೇನು? ಒಂದು ಉದಾಹರಣೆ ಸಾಕು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿಯೂ ರೂಪಾಯಿ ನೋಟಿನ ಮೇಲೆಯೂ ನೋಡಿರುತ್ತಾರೆ. ಇಂದು ಅದರ ನೆತ್ತಿ ಚಪ್ಪಟೆಯಾಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಆ ಶಿಖರವು ಇಂದಿಲ್ಲ. ಆದರೆ ಅದು ಇದ್ದುದಕ್ಕೆ ಸಾಕ್ಷಿಯಾಗಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಉಳಿದು ಬಂದಿದೆ. ಇಟ್ಟಿಗೆ ಗಾರೆಗಳಿಗಿಂತ ಕಾಗದವು ಹೆಚ್ಚು ಕಾಲ ಬಾಳಿತು! ಅಂದು ಆ ಕಾಗದದಲ್ಲಿ ಹೈಪೋವನ್ನು ಧಾರಾಳವಾಗಿ ಉಳಿಸಿ ಒಣಗಿಸಿದ್ದರೆ ಶಿಖರವು ಎರಡನೆಯ ಸಲ ಬೀಳುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮೊಟ್ಟೆಯ ಲೋಳೆಯ ಕಾಗದಕ್ಕೆ ಬದಲಾಗಿ ಜೆಲಟಿನ್ ಎಂಬ ಸರಿಯ ಪದರವುಳ್ಳ ಕಾಗದಗಳು ಬಂದವು. ಬೇಸಗೆಯ ನೀರಿನಲ್ಲಿ ಈ ಪದರವು ಉಬ್ಬಿ ಮೆತ್ತಗಾಗುವುದುಂಟು. ಅದನ್ನು ಗಟ್ಟಿ ಮಾಡಲು ಹೈಪೋದೊಡನೆ ಪಟಿಕವನ್ನು ಸೇರಿಸುವ ರೂಢಿ ಬೆಳೆಯಿತು. ಬಿಸಿಲುನಾಡಿನ ಸ್ಟುಡಿಯೋಗಳಿಗೆ ಇದೊಂದು ವರವೇ ಆಯಿತು. ಆದರೆ ಪಟಿಕದಿಂದ ಗಟ್ಟಿಯಾದ ಪದರವು ಹೈಪೋವನ್ನು ಬಿಗಿಯಾಗಿ ಹಿಡಿದುಕೊಂಡು ಸುಲಭವಾಗಿ ಬಿಡುವುದಿಲ್ಲ. ಇದಲ್ಲದೆ ಹೈಪೋ ಕಾಗದದ ನಾರಿನ ಒಳಗೂ ಸೇರಿಕೊಳ್ಳುತ್ತದೆ. ರಾತ್ರಿಯೆಲ್ಲ ಹರಿಯುವ ನೀರಿನಲ್ಲಿ ಬಿಟ್ಟರೂ ಪೂರ್ತಿ ಹೋಗದು. ಹೈಪೋವನ್ನು ಬೇಗನೆ ನಾಶಮಾಡುವೆವೆಂದು ಪರ್ಮಾಂಗನೇಟು, ಹೈಪೋಕ್ಲೋರೈಟು ಮುಂತಾದ ಉಗ್ರ ದ್ರಾವಣಗಳನ್ನು ಕೆಲವರು ಪ್ರಯೋಗಿಸಿದರು. ಅವು ಹೈಪೋದೊಡನೆ ಚಿತ್ರದ ಬೆಳ್ಳಿಯನ್ನೂ ಕೆಣಕುವಂಥವು.

ತೊಳೆಯುವ ಕ್ರಿಯೆಯನ್ನು ಗಣಿತದ ಕಣ್ಣಿನಿಂದ ನೋಡಿದವರಲ್ಲಿ 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಿಕ್‌ಮನ್ ಮತ್ತು ಸ್ಪೆನ್ಸರ್ ಪ್ರಮುಖರು. ನೀರು ರಭಸದಿಂದ ಹೊಡೆದು ಹೈಪೋವನ್ನು ಕೀಳುವುದಿಲ್ಲ. ಹೈಪೋ ತಾನಾಗಿ ಪದರದ ಒಳಗಿನಿಂದ ಹೊರಗಿನ ನೀರಿಗೆ ಹರಡಿಕೊಳ್ಳುತ್ತದೆ. ನೀರಿನ ಕೆಲಸವೆಂದರೆ ಹೊರಬಂದುದನ್ನು ಒಯ್ಯುವುದಷ್ಟೆ. ನೀರಿನ ಬೆಲೆ ಬಲ್ಲ ಬಯಲುಸೀಮೆಯ ಓದುಗರಿಗೆ ಇದರಿಂದ ಹುಟ್ಟುವ ಲೆಕ್ಕವು ರುಚಿಸೀತು. ಒಂದು ಪ್ರಿಂಟು ತನ್ನ ಮೈಯಲ್ಲಿ ಒಂದು ಪಾಲು ದ್ರವವನ್ನು ಹಿಡಿದಿದೆ ಎನ್ನೋಣ. ಅದನ್ನು 9 ಪಾಲು ಶುದ್ಧ ನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟರೆ, ಹೈಪೋ ಹತ್ತು ಪಾಲಿನಲ್ಲಿ ಸಮನಾಗಿ ಹಂಚಿಹೋಗಿ, ಪ್ರಿಂಟಿನಲ್ಲಿ ಹತ್ತರಲ್ಲೊಂದು ಭಾಗ ಉಳಿಯುತ್ತದೆ. ನೀರನ್ನು ಚೆಲ್ಲಿ ಮತ್ತೆ 9 ಪಾಲು ಹಾಕಿದರೆ ನೂರರಲ್ಲೊಂದು. ಮೂರನೆಯ ಸಲ ಸಾವಿರದಲ್ಲೊಂದು. ಒಟ್ಟು ಖರ್ಚು 27 ಪಾಲು ನೀರು. ಅದೇ 27 ಪಾಲನ್ನು ಒಂದೇ ಸಲ ಸುರಿದು ಬಿಟ್ಟಿದ್ದರೆ ಉಳಿಯುತ್ತಿದ್ದುದು 28ರಲ್ಲೊಂದು ಭಾಗ! ನೀರು ಒಂದೇ, ಹಂಚಿಕೊಂಡ ಬಗೆಯಿಂದ ಫಲದಲ್ಲಿ ಸುಮಾರು 36 ಪಟ್ಟು ಅಂತರ. ನಮ್ಮ ಅಗಸರೂ, ಮನೆಯಲ್ಲಿ ಅಕ್ಕಿ ತೊಳೆಯುವ ತಾಯಂದಿರೂ ಈ ಲೆಕ್ಕವನ್ನು ಬರೆಯದೆಯೇ ಬಲ್ಲರು. ಆದರೆ ಒಂದು ಮಾತು: ನಾರಿಗೆ ಅಂಟಿಕೊಂಡ ಹೈಪೋ ಈ ಸರಳ ಲೆಕ್ಕಕ್ಕೆ ಬಗ್ಗುವುದಿಲ್ಲ. ಕೊನೆಯ ಆ ಅಲ್ಪಾಂಶವೇ ಹಟಮಾರಿ.

ಆ ಹಟವನ್ನು ಮುರಿಯುವ ಉಪಾಯವು ದೊರೆತುದು ಸಮುದ್ರದ ನೀರಿನಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸಿಹಿನೀರು ದುರ್ಲಭವಾದ ಹಡಗುಗಳಲ್ಲಿ ಚಿತ್ರಗಳನ್ನು ಸಮುದ್ರದ ನೀರಿನಲ್ಲಿ ತೊಳೆಯಬೇಕಾಯಿತು. ಉಪ್ಪುನೀರಿನಲ್ಲಿ ಹೈಪೋ ಸಿಹಿನೀರಿನಲ್ಲಿಗಿಂತ ಬೇಗ ಹೊರಬೀಳುವುದು ಕಂಡುಬಂದಿತು. ಕರಗಿದ ಲವಣವು ಪದರದಲ್ಲಿ ಹೈಪೋ ಹಿಡಿದ ಸ್ಥಾನವನ್ನು ತಾನು ಹಿಡಿದು ಅದನ್ನು ಹೊರದೂಡುತ್ತದೆ. ಆದರೆ ಸಮುದ್ರದ ಉಪ್ಪು ಚಿತ್ರದಲ್ಲಿ ಉಳಿಯುವುದೂ ಕೆಡುಕೇ. ಕೊನೆಗೆ ಸಿಹಿನೀರಿನ ಸ್ನಾನ ತಪ್ಪಿದ್ದಲ್ಲ. ಈ ಸುಳುವನ್ನು ಹಿಡಿದು ಕೊಡಾಕ್ ಸಂಶೋಧನಾಲಯದ ಜಾನ್ ಕ್ರಾಬ್‌ಟ್ರೀ ಮತ್ತು ಅವರ ಸಂಗಡಿಗರು ಹಲವು ಲವಣಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಸೋಡಿಯಂ ಸಲ್ಫೈಟು ಬಹಳ ಯೋಗ್ಯವೆಂದು ತೋರಿ, 1950ರ ದಶಕದಲ್ಲಿ ಸಿದ್ಧಪುಡಿಯಾಗಿ ಅಂಗಡಿಗೆ ಬಂದಿತು. ಮೊದಲು ಸ್ವಲ್ಪ ತೊಳೆದು, ಸಲ್ಫೈಟಿನ ದ್ರಾವಣದಲ್ಲಿ ಕೆಲವು ನಿಮಿಷ ಆಡಿಸಿ, ಮತ್ತೆ ತೊಳೆಯುವ ಕ್ರಮವು ಅಂದಿನಿಂದ ಕತ್ತಲ ಕೋಣೆಗಳಲ್ಲಿ ನೆಲೆನಿಂತಿದೆ. ಗಂಟೆಗಟ್ಟಲೆಯ ಕೆಲಸವು ನಿಮಿಷಗಳಿಗೆ ಇಳಿಯಿತು. ನೀರಿನ ಖರ್ಚೂ ಇಳಿಯಿತು.

ತೊಳೆದುದು ಸಾಕಾಯಿತೇ ಎಂದು ತಿಳಿಯುವುದು ಹೇಗೆ? ಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ತೋರಿಸಬಹುದಾದ ಸುಲಭ ಪರೀಕ್ಷೆಯೊಂದಿದೆ. ಎರಡು ಗಾಜಿನ ಲೋಟಗಳಲ್ಲಿ ಒಂದೇ ಕೊಡದ ನೀರನ್ನು ಹಾಕಿ, ಎರಡಕ್ಕೂ ಪರ್ಮಾಂಗನೇಟಿನ ತೆಳು ದ್ರಾವಣವನ್ನು ಕೆಲವು ಹನಿ ಬಿಟ್ಟು ನಸುನೇರಿಳೆ ಬಣ್ಣ ಬರಿಸಬೇಕು. ತೊಳೆದ ಪ್ರಿಂಟಿನ ಮೂಲೆಯಿಂದ ತೊಟ್ಟಿಕ್ಕುವ ನೀರನ್ನು ಒಂದು ಲೋಟಕ್ಕೆ ಬಿಟ್ಟರೆ, ಹೈಪೋ ಉಳಿದಿದ್ದ ಪಕ್ಷದಲ್ಲಿ ಅದರ ಬಣ್ಣ ಅಳಿದುಹೋಗುತ್ತದೆ. ಇನ್ನೊಂದರ ಬಣ್ಣ ನಿಲ್ಲುತ್ತದೆ. ಎರಡನೆಯ ಲೋಟವಿಲ್ಲದೆ ಈ ಪರೀಕ್ಷೆ ಮಾಡಬಾರದು. ಏಕೆಂದರೆ ಕೊಳೆಯುಳ್ಳ ನೀರೂ ಪರ್ಮಾಂಗನೇಟಿನ ಬಣ್ಣವನ್ನು ಕಳೆಯಬಲ್ಲುದು. ಇದು ಹೊರಬಂದ ಹೈಪೋವನ್ನು ತೋರಿಸುತ್ತದೆಯೇ ಹೊರತು ನಾರಿನಲ್ಲಿ ಅಡಗಿದುದನ್ನು ತೋರಿಸುವುದಿಲ್ಲ. ಅದಕ್ಕಾಗಿ ಪ್ರಿಂಟಿನ ಬಿಳಿಯ ಅಂಚಿನ ಮೇಲೆ ಆಮ್ಲ ಬೆರೆಸಿದ ಬೆಳ್ಳಿಯ ನೈಟ್ರೇಟಿನ ಒಂದು ಹನಿಯನ್ನಿಡುತ್ತಾರೆ. ಅಲ್ಲಿ ಹಳದಿ ಅಥವಾ ಕಂದು ಕಲೆ ಮೂಡಿದರೆ ಒಳಗೆ ಹೈಪೋ ಇದೆಯೆಂದು ಅರ್ಥ. ಐವತ್ತು ವರ್ಷಗಳ ಮೇಲೆ ಇಡೀ ಚಿತ್ರಕ್ಕೆ ಆಗಬಹುದಾದುದನ್ನು ಆ ಹನಿಯು ಎರಡು ನಿಮಿಷದಲ್ಲಿ ತೋರಿಸಿಕೊಡುತ್ತದೆ.

1970ರ ದಶಕದಲ್ಲಿ ಎರಡು ಕಡೆಯೂ ಪ್ಲಾಸ್ಟಿಕ್ಕಿನ ತೆಳು ಪದರವುಳ್ಳ ಕಾಗದಗಳು ಬಳಕೆಗೆ ಬಂದವು. ಇವುಗಳಲ್ಲಿ ಹೈಪೋ ನಾರಿಗೆ ಇಳಿಯುವುದೇ ಇಲ್ಲವಾದುದರಿಂದ ಎರಡು ಮೂರು ನಿಮಿಷ ತೊಳೆದರೆ ಸಾಕು. ಹಾಗೆಯೇ ಸಾದಾ ಕಾಗದಕ್ಕೂ ಪಟಿಕವಿಲ್ಲದ, ತೀಕ್ಷ್ಣವಾದ ಅಮೋನಿಯಂ ಥಯೋಸಲ್ಫೇಟಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆಯುವ ಕ್ರಮವು ಪ್ರಚಾರಕ್ಕೆ ಬಂದಿತು. ಒಳಗೆ ಇಳಿಯಲು ಹೊತ್ತೇ ಸಿಗದ ಹೈಪೋವನ್ನು ಹೊರಗೆ ತೆಗೆಯುವ ಕಷ್ಟವೂ ಕಡಿಮೆ.

ಇನ್ನು ಈ ಚರಿತ್ರೆಯ ಕೊನೆಯ ತಿರುವನ್ನು ಹೇಳಬೇಕು. ನೂರು ವರ್ಷಗಳಿಗೂ ಮೀರಿ ಎಲ್ಲರೂ ಹೈಪೋವನ್ನು ನಿಶ್ಶೇಷವಾಗಿ ತೊಲಗಿಸುವುದೇ ಪರಮ ಗುರಿಯೆಂದು ತಿಳಿದಿದ್ದರು. 1960ರ ದಶಕದ ಆರಂಭದಲ್ಲಿ, ದಾಖಲೆಗಳನ್ನು ಕಿರಿದಾಗಿ ಹಿಡಿದಿಟ್ಟ ಮೈಕ್ರೋಫಿಲ್ಮುಗಳ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ಅವುಗಳನ್ನಿಟ್ಟ ರಟ್ಟಿನ ಪೆಟ್ಟಿಗೆಗಳಿಂದಲೂ ಕೆಟ್ಟ ಗಾಳಿಯಿಂದಲೂ ಬಂದ ಪೆರಾಕ್ಸೈಡಿನಂತಹ ಅನಿಲಗಳು ಬೆಳ್ಳಿಯನ್ನು ತಿನ್ನುತ್ತಿದ್ದವು. 1980ರ ದಶಕದ ಪ್ರಯೋಗಗಳಲ್ಲಿ ಇನ್ನೂ ವಿಚಿತ್ರವಾದ ಸಂಗತಿ ಹೊರಬಿದ್ದಿತು: ಪರಿಪೂರ್ಣವಾಗಿ ತೊಳೆದ ಚಿತ್ರವು ಇಂತಹ ಅನಿಲಗಳಿಗೆ ಹೆಚ್ಚು ಸುಲಭವಾಗಿ ತುತ್ತಾಗುತ್ತದೆ, ಲೇಶಮಾತ್ರ ಹೈಪೋ ಉಳಿದ ಚಿತ್ರವು ಅವುಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆ ಲೇಶವು ಬೆಳ್ಳಿಯ ಕಣಗಳ ಹೊರಮೈಗೆ ಗಂಧಕದ ತೆಳು ಕವಚವನ್ನು ತೊಡಿಸುತ್ತದೆಯೆಂದು ವಿದ್ವಾಂಸರು ಅರ್ಥಮಾಡಿಕೊಂಡರು. ಇದನ್ನು ಕೇಳಿ ತೊಳೆಯದೆ ಬಿಡುವುದೇ ಲೇಸೆಂದು ಯಾರೂ ತಿಳಿಯಬಾರದು. ಉಳಿದ ಹೈಪೋದ ಮೇಲೆ ಯಾರಿಗೂ ಹತೋಟಿಯಿಲ್ಲ. ಅದು ಇಂದು ಕವಚ, ನಾಳೆ ಹುಣ್ಣು. ಆದುದರಿಂದ ಚೆನ್ನಾಗಿ ತೊಳೆದು, ಬಳಿಕ ಬೆಳ್ಳಿಗೆ ಗಂಧಕ, ಸೆಲೀನಿಯಂ ಅಥವಾ ಚಿನ್ನದ ಸಂಸ್ಕಾರವನ್ನು ತಿಳಿದು ಅಳೆದು ಕೊಡುವುದೇ ಈಗಿನ ಸಲಹೆ. 1855ರ ಸಮಿತಿಯು ಚಿನ್ನದ ವಿಷಯವಾಗಿ ಹೇಳಿದ ಮಾತಿನ ಹತ್ತಿರಕ್ಕೇ ವಿಜ್ಞಾನವು ಒಂದು ದೊಡ್ಡ ಸುತ್ತು ಬಂದು ನಿಂತಿತೆಂಬುದು ಗಮನಿಸತಕ್ಕ ಅಂಶ.

ಇಂದು ಚಿತ್ರಗಳು ಕೈಯಲ್ಲಿಯ ಫೋನಿನಲ್ಲಿ ಕ್ಷಣಾರ್ಧದಲ್ಲಿ ಹುಟ್ಟುತ್ತವೆ. ಕತ್ತಲ ಕೋಣೆಯ ಕೆಂಪು ದೀಪವನ್ನು ಕಂಡ ಹುಡುಗರು ವಿರಳ. ಆದರೂ ಇದಕ್ಕೆ ಹಿಂದಿನ ಒಂದೂವರೆ ಶತಮಾನದ ನಮ್ಮ ನೆನಪೆಲ್ಲ ಬೆಳ್ಳಿಯ ಮೇಲೆ ಇದೆ. ಎಲ್ಲೆಯ ಆಚೆಯ ಕನ್ನಡ ಶಾಲೆಗಳಿಗಂತೂ ಇದು ಇನ್ನಷ್ಟು ನಿಜ. ಯಾವ ವರ್ಷ ಎಷ್ಟು ಮಕ್ಕಳು ಕನ್ನಡದಲ್ಲಿ ಓದಿದರು, ಹೆಸರಿನ ಹಲಗೆಯ ಮೇಲೆ ಯಾವ ಲಿಪಿಯಿತ್ತು, ಮೊದಲ ಸಾಲಿನಲ್ಲಿ ಯಾರು ಕುಳಿತಿದ್ದರು ಎಂಬುದಕ್ಕೆ ಅನೇಕ ಕಡೆ ಆ ತಂಡದ ಚಿತ್ರವೇ ಉಳಿದ ದಾಖಲೆ. ಅಂತಹ ಚಿತ್ರಗಳನ್ನು ಮತ್ತೆ ನೀರಿಗೆ ಹಾಕಿ ತೊಳೆಯಲು ಯಾರೂ ಹೋಗಬಾರದು; ಹಳೆಯ ಪದರವು ಎದ್ದು ಬಂದೀತು. ತೇವವಿಲ್ಲದ, ಬಿಸಿಲು ಬೀಳದ ಸ್ಥಳದಲ್ಲಿಟ್ಟು, ಈಗಲೇ ಸ್ಪಷ್ಟವಾದ ಪ್ರತಿಯೊಂದನ್ನು ತೆಗೆಸಿ, ಮುಖಗಳನ್ನು ಗುರುತಿಸಬಲ್ಲ ಹಿರಿಯರಿರುವಾಗಲೇ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು.

ಟ್ರೈಪನ ಹೆಸರು ಗ್ರಂಥಗಳಲ್ಲಿದೆ, ಬಿಗ್ಸನ ಹೆಸರಿದೆ, ಹರ್ಷೆಲನ ಹೆಸರಂತೂ ಇದ್ದೇ ಇದೆ. ತಟ್ಟೆಗಳ ಮೇಲೆ ಬಗ್ಗಿ, ಕೊಡಗಟ್ಟಲೆ ನೀರು ತಂದು, ಚೆಲ್ಲಿ, ಮತ್ತೆ ತುಂಬಿದ ಕೈಗಳ ಹೆಸರು ಯಾವ ಮುಖಪುಟದಲ್ಲಿಯೂ ಇಲ್ಲ. ಇನ್ನೊಂದು ನೀರು ಹಾಕಿದನೋ ಇಲ್ಲವೋ ಎಂಬುದನ್ನು ಆ ದಿನ ಯಾರೂ ಕಂಡುಹಿಡಿಯುವಂತಿರಲಿಲ್ಲ. ಚಿತ್ರವು ಎರಡು ಬಗೆಯಲ್ಲಿಯೂ ಒಂದೇ ರೀತಿ ಹೊಳೆಯುತ್ತಿತ್ತು. ವ್ಯತ್ಯಾಸವು ತಿಳಿಯುತ್ತಿದ್ದುದು ಅವನ ಮೊಮ್ಮಕ್ಕಳ ಕಾಲಕ್ಕೆ. ಯಾರೂ ನೋಡದಿದ್ದಾಗಲೂ ಆ ಇನ್ನೊಂದು ನೀರನ್ನು ಹಾಕಿದವರ ಋಣವು ನಮ್ಮ ಮೇಲಿದೆ.